ಹಪ್ಪಳದ ಡಬ್ಬಿಯೋ, ಉಪ್ಪಿನಕಾಯಿ ಭರಣಿಯೋ? ಮನೆಯಲ್ಲಿ ಕಟ್ಟುವ ಸೌರ ಫಲಕವನ್ನು ತೇವದಿಂದ ಕಾಯುವ ನಾಲ್ಕು ದಾರಿಗಳು

ಮಳೆಗಾಲ ಕಾಲಿಡುವ ಮೊದಲು ನಮ್ಮ ಮಲೆನಾಡಿನ ಮನೆಗಳಲ್ಲಿ ಎರಡು ಪದಾರ್ಥಗಳನ್ನು ಎರಡು ಬಗೆಯಲ್ಲಿ ಕಾಪಾಡುತ್ತಾರೆ. ಹಪ್ಪಳ ಡಬ್ಬಿ ಸೇರುತ್ತದೆ. ಮುಚ್ಚಳ ಬಿಗಿಯಾಗಿರುವವರೆಗೆ ಗರಿಗರಿಯಾಗಿರುತ್ತದೆ, ಒಂದು ರಾತ್ರಿ ಸಡಿಲಬಿಟ್ಟರೆ ಮೆತ್ತಗಾಗುತ್ತದೆ. ಮಾವಿನ ಮಿಡಿ ಭರಣಿ ಸೇರುತ್ತದೆ. ಅಲ್ಲಿ ಮುಚ್ಚಳಕ್ಕಿಂತ ರಸ ದೊಡ್ಡದು. ರಸದಲ್ಲಿ ಪೂರ್ತಿ ಮುಳುಗಿದ ಮಿಡಿ ವರ್ಷಗಟ್ಟಲೆ ಉಳಿಯುತ್ತದೆ, ಮೇಲೆ ತೇಲಿ ಗಾಳಿಗೆ ಮೈಯೊಡ್ಡಿದ ಮಿಡಿಗೆ ಮೊದಲು ಬೂಷ್ಟು ಹಿಡಿಯುತ್ತದೆ.

ಮನೆಯಲ್ಲಿ ಸೌರ ಫಲಕ ಕಟ್ಟುವವರ ಮುಂದಿರುವುದೂ ಇವೇ ಎರಡು ದಾರಿ. ಬಿಸಿಲನ್ನು ವಿದ್ಯುತ್ತಾಗಿಸುವ ತೆಳು ಸೆಲ್‌ಗಳನ್ನು ಪೆಟ್ಟಿಗೆಯಲ್ಲಿಟ್ಟು ಅಂಚನ್ನು ಬಿಗಿಯಾಗಿ ಮುಚ್ಚುವುದು ಡಬ್ಬಿಯ ದಾರಿ. ಸೆಲ್‌ಗಳ ಸುತ್ತ ಗಾಳಿಗೆ ಎಡೆಯೇ ಇಲ್ಲದಂತೆ ಪಾರದರ್ಶಕ ವಸ್ತುವೊಂದನ್ನು ತುಂಬುವುದು ಭರಣಿಯ ದಾರಿ. ಶಿರಸಿ ಸೀಮೆಯ ನಮ್ಮ ಮನೆಯ ಮಾಡಿನ ಮೇಲೆ ಎರಡನ್ನೂ ಮಾಡಿ ನೋಡಿದ್ದೇನೆ. ಮಳೆ ಹೆಚ್ಚಿರುವ ಊರಿನಲ್ಲಿ ಬಾಳುವುದು ಭರಣಿಯ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆ, ಎಷ್ಟು ಖರ್ಚಿನಲ್ಲಿ, ಎಲ್ಲಿ ಬೇರೆ ದಾರಿಯೂ ನಡೆಯುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಅದಕ್ಕೂ ಮೊದಲು ಹಣದ ಮಾತು. ಅಗ್ಗದ ವಿದ್ಯುತ್ತು ಬೇಕೆಂದಷ್ಟೇ ಫಲಕ ಕಟ್ಟಲು ಹೊರಟಿದ್ದರೆ ದಯವಿಟ್ಟು ನಿಲ್ಲಿಸಿ, ಕಾರ್ಖಾನೆಯ ಫಲಕವನ್ನೇ ಕೊಳ್ಳಿ. ಬಿಡಿ ಸೆಲ್, ಗಾಜು, ಚೌಕಟ್ಟು, ತುಂಬುವ ವಸ್ತು ಎಲ್ಲವನ್ನೂ ಚಿಲ್ಲರೆಯಲ್ಲಿ ಕೊಂಡರೆ ಪ್ರತಿ ವ್ಯಾಟ್‌ಗೆ ಬೀಳುವ ಖರ್ಚು ಈಗ ಕಾರ್ಖಾನೆಯದಕ್ಕಿಂತ ಹೆಚ್ಚು. ಮಾಡಿನ ಸೌರ ವಿದ್ಯುತ್ತಿಗೆಂದು ಕೇಂದ್ರ ಸರ್ಕಾರ 2024ರಲ್ಲಿ ತಂದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನವೂ ಮನೆಯಲ್ಲಿ ಕಟ್ಟಿದ್ದಕ್ಕೆ ಸಿಗುವುದಿಲ್ಲ, ಅದಕ್ಕೆ ಪ್ರಮಾಣೀಕೃತ ಫಲಕವೇ ಆಗಬೇಕು. ಹಾಗಿದ್ದರೂ ಕಟ್ಟಲು ಒಳ್ಳೆಯ ಕಾರಣಗಳಿವೆ. ಸೆಲ್‌ಗಳ ಕೆಲಸವನ್ನು ಕೈಯಾರೆ ಕಲಿಯಬಹುದು, ಅಂಗಡಿಯಲ್ಲಿ ಸಿಗದ ಅಳತೆಯ ಫಲಕ ಮಾಡಿಕೊಳ್ಳಬಹುದು, ಶಾಲೆಯ ಮಕ್ಕಳಿಗೆ ತೋರಿಸಬಹುದು. ಕಾರ್ಖಾನೆಯ ಹಳೆಯ ಫಲಕಕ್ಕೆ ತೇವ ಹೊಕ್ಕಾಗ ಏನಾಗಿದೆ ಎಂದು ಗುರುತಿಸುವ ಕಣ್ಣೂ ಬರುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಇಡೀ ಹೋಲಿಕೆಗೆ ಒಂದೇ ಅಳತೆಯನ್ನು ಇಟ್ಟುಕೊಳ್ಳುತ್ತೇನೆ. ಸುಮಾರು 8 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ 36 ಸೆಲ್‌ಗಳು, ಸಾಲಿಗೆ ಒಂಬತ್ತರಂತೆ ನಾಲ್ಕು ಸಾಲು. ಒಂದು ಸೆಲ್ ಸುಮಾರು ಅರ್ಧ ವೋಲ್ಟ್ ಕೊಡುತ್ತದೆ. 36ನ್ನು ಸರಣಿಯಲ್ಲಿ ಜೋಡಿಸಿದರೆ ಕೆಲಸದ ವೇಳೆ ಸುಮಾರು 18 ವೋಲ್ಟ್, ತಂತಿಗಳಿಗೆ ಏನನ್ನೂ ಜೋಡಿಸದೆ ಬಿಟ್ಟಾಗ 21–22 ವೋಲ್ಟ್. 12 ವೋಲ್ಟ್ ಬ್ಯಾಟರಿ ತುಂಬಿಸಲು ಹೇಳಿ ಮಾಡಿಸಿದ್ದು, ಒಟ್ಟು 60 ವ್ಯಾಟ್‌ನಷ್ಟು ಶಕ್ತಿ. ಗಾಜಿನ ಅಳತೆ ಸುಮಾರು 76 × 64 ಸೆಂ.ಮೀ., ಅಂದರೆ ಅರ್ಧ ಚದರ ಮೀಟರ್‌ಗೆ ಸ್ವಲ್ಪ ಕಡಿಮೆ.

ನೀರು ಒಳಗೆ ಬರುವುದು ಹೇಗೆ

ಹೆಚ್ಚಿನವರು ತೇವವೆಂದರೆ ಮಳೆಹನಿ ಎಂದುಕೊಳ್ಳುತ್ತಾರೆ, ಅಂಚಿಗೆ ಸಿಲಿಕೋನ್ ಬಳಿದರೆ ಮುಗಿಯಿತು ಎಂದು ನಂಬುತ್ತಾರೆ. ಗಾಜು ಮತ್ತು ಹಲಗೆಯ ನಡುವೆ 1 ಸೆಂ.ಮೀ. ಗಾಳಿ ಇರುವ ಪೆಟ್ಟಿಗೆಯನ್ನು ತೆಗೆದುಕೊಳ್ಳಿ. ನಮ್ಮ ಅಳತೆಯಲ್ಲಿ ಒಳಗಿನ ಗಾಳಿ ಸುಮಾರು 5 ಲೀಟರ್. ಬೆಳಗ್ಗೆ 30 ಡಿಗ್ರಿ ಇದ್ದ ಗಾಳಿ ಮಧ್ಯಾಹ್ನ 60 ಡಿಗ್ರಿಗೆ ಕಾದರೆ ಹತ್ತನೇ ಒಂದು ಪಾಲು ಹಿಗ್ಗುತ್ತದೆ, ಅರ್ಧ ಲೀಟರ್ ಗಾಳಿ ಹೊರಗೆ ಹೋಗಲು ಹವಣಿಸುತ್ತದೆ. ಹೊರಗೆ ಬಿಡದೆ ಬಿಗಿಹಿಡಿಯುತ್ತೇನೆ ಎಂದು ಹೊರಟರೆ, ಗಾಜು ಅಲುಗದೆ ನಿಲ್ಲುವುದಾದಲ್ಲಿ, ಅದರ ಮೇಲೆ ಬೀಳುವ ಒತ್ತಡ ಐದು ಕ್ವಿಂಟಾಲ್ ಅಡಿಕೆ ಮೂಟೆಗಳ ಭಾರಕ್ಕೆ ಸಮ. ಗಾಜು ಉಬ್ಬಿ ಇದರಲ್ಲಿ ಬಹುಪಾಲನ್ನು ಇಳಿಸಿಕೊಳ್ಳುತ್ತದೆ. ಆದರೆ ದಿನವೂ ಉಬ್ಬಿ ಇಳಿಯುವ ಗಾಜು ಅಂಚಿನ ಸಿಲಿಕೋನನ್ನು ದಿನವೂ ಎಳೆಯುತ್ತದೆ. ಒಂದಲ್ಲ ಒಂದು ದಿನ ಕೂದಲೆಳೆಯಷ್ಟು ಬಿರುಕು ಬಿಡುವುದು ಖಂಡಿತ.

ಬಿರುಕು ಬಿಟ್ಟ ಮೇಲೆ ಫಲಕ ಉಸಿರಾಡತೊಡಗುತ್ತದೆ, ಹಗಲು ಹೊರಗೆ, ಸಂಜೆ ಒಳಗೆ. 25 ಡಿಗ್ರಿಯ ತೇವಭರಿತ ಗಾಳಿಯ ಪ್ರತಿ ಲೀಟರಿನಲ್ಲಿ ಸುಮಾರು 23 ಮಿಲಿಗ್ರಾಂ ನೀರಾವಿ ಇರುತ್ತದೆ. ಅರ್ಧ ಲೀಟರ್ ಒಳಗೆ ಬಂದರೆ ದಿನಕ್ಕೆ 11–12 ಮಿಲಿಗ್ರಾಂ. ಇದೇನು ಮಹಾ ಎನ್ನಿಸಬಹುದು. ನಿಜವಾದ ಅಪಾಯ ಆವಿಯದಲ್ಲ. ಆರಿದ್ರಾ ಮಳೆಯ ನಡುವೆ ಒಂದು ಗಂಟೆ ಬಿಸಿಲು ಬಂದು ಫಲಕ ಕಾದು, ಮರುಕ್ಷಣವೇ ಮಳೆ ಹೊಯ್ದಾಗ ಒಳಗಿನ ಗಾಳಿ ಒಮ್ಮೆಗೇ ಕುಗ್ಗುತ್ತದೆ. ಆಗ ಬಿರುಕಿನ ಬಾಯಲ್ಲಿರುವುದು ಗಾಳಿಯಲ್ಲ, ನೀರು. ಪೆಟ್ಟಿಗೆ ನೀರನ್ನೇ ಹೀರುತ್ತದೆ. ಹೀಗೆ ಹೀರಿದ ನೀರು ಮತ್ತೆ ಅದೇ ಬಿರುಕಿನಿಂದ ಹೊರಗೆ ಹೋಗುವುದಿಲ್ಲ. ಬಿಸಿಲಿಗೆ ಆವಿಯಾಗಿ ಗಾಜಿನ ಒಳಮೈಯಲ್ಲಿ ಹನಿಗಟ್ಟುತ್ತದೆ, ಅಲ್ಲಿಂದ ಬೆಸುಗೆಗಳ ಮೇಲೆ ಇಳಿಯುತ್ತದೆ.

ಲೋಹದ ಮೇಲೆ ನೀರಿನ ತೆಳುಪದರ ಕೂತಾಗ ಕಿಲುಬು ಶುರು. ಹಾಗಾಗಿ ಕೇಳಬೇಕಾದ ಪ್ರಶ್ನೆ "ಆವಿಯನ್ನು ತಡೆಯುವುದು ಹೇಗೆ" ಎಂಬುದಕ್ಕಿಂತ, "ಒಳಬಂದ ಆವಿ ಲೋಹದ ಮೇಲೆ ನೀರಾಗಿ ಕೂರಲು ಜಾಗ ಇರದಂತೆ ಮಾಡುವುದು ಹೇಗೆ" ಎಂಬುದು. ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದೇ ನಾಲ್ಕೂ ದಾರಿಗಳನ್ನು ತೂಗುತ್ತೇನೆ.

ಗಾಳಿ ತುಂಬಿದ ಪೆಟ್ಟಿಗೆ

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸುಲಭ. ಸೆಲ್ ಒಡೆದರೆ ಪೆಟ್ಟಿಗೆ ಬಿಚ್ಚಿ ಬದಲಾಯಿಸಬಹುದು. ನಾನು ಮೊದಲು ಕಟ್ಟಿದ್ದು ಇದನ್ನೇ. ಅಕ್ರಿಲಿಕ್ ಹಾಳೆ, ಪ್ಲೈವುಡ್ ಬೆನ್ನು, ಸುತ್ತಲೂ ಬಾತ್‌ರೂಮಿಗೆ ಬಳಸುವ ಸಿಲಿಕೋನ್. ಮೇ ತಿಂಗಳಲ್ಲಿ ಚೆನ್ನಾಗಿ ಓಡಿತು. ಪುನರ್ವಸು ಮಳೆಯ ಹೊತ್ತಿಗೆ ಒಳಗೆ ಹನಿಗಳು ಸಾಲುಗಟ್ಟಿದವು, ದಸರೆಯ ಹೊತ್ತಿಗೆ ಸೆಲ್‌ಗಳನ್ನು ಜೋಡಿಸುವ ಪಟ್ಟಿತಂತಿಗಳ ತವರ ಕಪ್ಪಾಗಿ ಅಲ್ಲಲ್ಲಿ ತಾಮ್ರದ ಹಸಿರು ಕಿಲುಬು ಕಾಣಿಸಿತು.

ಮೂರು ತಪ್ಪುಗಳು ಅದರಲ್ಲಿ ಒಟ್ಟಿಗೆ ಸೇರಿದ್ದವು. ಮೊದಲನೆಯದು ಸಿಲಿಕೋನಿನ ಜಾತಿ. ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುತ್ತಾ ಅಸಿಟಿಕ್ ಆಮ್ಲ ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಆ ಆಮ್ಲ ತಾಮ್ರವನ್ನು ತಿನ್ನುತ್ತದೆ. ಕೊಳವೆಯ ಮೇಲೆ "ನ್ಯೂಟ್ರಲ್ ಕ್ಯೂರ್" ಎಂದು ಬರೆದಿರುವುದನ್ನೇ ಕೇಳಿ ಪಡೆಯಿರಿ, ಬೆಲೆಯ ವ್ಯತ್ಯಾಸ ಅಲ್ಪ. ಎರಡನೆಯದು ಅಕ್ರಿಲಿಕ್. 40 ಡಿಗ್ರಿ ಏರಿಳಿತಕ್ಕೆ 76 ಸೆಂ.ಮೀ. ಗಾಜು ಕಾಲು ಮಿಲಿಮೀಟರ್‌ನಷ್ಟು ಹಿಗ್ಗಿದರೆ ಅಕ್ರಿಲಿಕ್ 2 ಮಿ.ಮೀ.ಗೂ ಹೆಚ್ಚು ಹಿಗ್ಗುತ್ತದೆ. ತೇವ ಹೀರಿ ಬಾಗುತ್ತದೆ ಕೂಡ. ಯಾವ ಅಂಟೂ ಇದನ್ನು ಬಹುಕಾಲ ತಡೆಯದು. ಮೂರನೆಯದು ಪ್ಲೈವುಡ್. ಅದು ತಾನೇ ತೇವದ ಉಗ್ರಾಣ. ಮೇಲಾಗಿ ನೆರಳು ಬಿದ್ದ ಒಂದು ಸೆಲ್ ವಿಪರೀತ ಕಾದರೆ ಹಿಂದಿನ ಮರ ಕರಕಲಾಗುತ್ತದೆ, ಹೊತ್ತಿಕೊಳ್ಳಲೂ ಬಹುದು. ಮನೆಯ ಮಾಡಿನ ಮೇಲೆ ಮರದ ಬೆನ್ನಿನ ಫಲಕವನ್ನು ಯಾರೂ ಇಡಬಾರದು ಎಂದೇ ಹೇಳುತ್ತೇನೆ.

ಇದೇ ದಾರಿ ಹಿಡಿಯುವುದಾದರೆ ಒಂದು ಉಪಾಯವಿದೆ, ಅದನ್ನು ವಿದ್ಯುತ್ ಉಪಕೇಂದ್ರದಲ್ಲಿ ನೋಡಬಹುದು. ದೊಡ್ಡ ಪರಿವರ್ತಕಗಳ ಪಕ್ಕದಲ್ಲಿ ನೀಲಿ ಹರಳು ತುಂಬಿದ ಗಾಜಿನ ಬುರುಡೆ ನೇತಾಡುತ್ತಿರುತ್ತದೆ. ಒಳಗಿನ ಎಣ್ಣೆ ಕಾದು ಹಿಗ್ಗಿ, ತಣಿದು ಕುಗ್ಗುವಾಗ ಒಳಗೆ ಎಳೆದುಕೊಳ್ಳುವ ಗಾಳಿ ಆ ಸಿಲಿಕಾ ಜೆಲ್ ಮೂಲಕವೇ ಹಾದು ಒಣಗುತ್ತದೆ. ಫಲಕಕ್ಕೂ ಹಾಗೆಯೇ ಮಾಡಿ. ಉಸಿರನ್ನು ಕಟ್ಟುವ ಹಟ ಬಿಟ್ಟು, ಕೆಳ ಅಂಚಿನಲ್ಲಿ ಕೆಳಮುಖವಾಗಿ ಸಣ್ಣ ನಳಿಗೆ ಇಟ್ಟು, ಅದರ ತುದಿಗೆ ಸಿಲಿಕಾ ಜೆಲ್ ತುಂಬಿದ ಡಬ್ಬಿ ಕಟ್ಟಿ. ನೀಲಿ ಹರಳು ಗುಲಾಬಿಗೆ ತಿರುಗಿದಾಗ ತೆಗೆದು ಬಿಸಿಮಾಡಿ ಮತ್ತೆ ತುಂಬಿ. ಪಾವಗಡ, ಬಳ್ಳಾರಿ, ರಾಯಚೂರಿನಂತಹ ಒಣ ಸೀಮೆಯಲ್ಲಿ ಗಾಜು ಮತ್ತು ಅಲ್ಯೂಮಿನಿಯಂ ಬೆನ್ನಿನ ಇಂತಹ ಪೆಟ್ಟಿಗೆ ಕೆಲವು ವರ್ಷ ಬಾಳಬಲ್ಲದು. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಕಡೆಯವರು, ಉಪ್ಪುಗಾಳಿಯ ಕರಾವಳಿಯವರು ಇದನ್ನು ಕಲಿಕೆಗಷ್ಟೇ ಕಟ್ಟಿ.

ಎಪಾಕ್ಸಿ

ಎರಡು ದ್ರವಗಳನ್ನು ಬೆರೆಸಿದರೆ ಕಲ್ಲಾಗುವ ಅಂಟು ಇದು. ಸುಲಭವಾಗಿ ಸಿಗುತ್ತದೆ, ಸುರಿದಾಗ ಕನ್ನಡಿಯಂತೆ ಹೊಳೆಯುತ್ತದೆ, ಅದಕ್ಕೇ ಜನ ಮರುಳಾಗುತ್ತಾರೆ. ಬಿಸಿಲಿನ ನೇರಳಾತೀತ ಕಿರಣಕ್ಕೆ ಹಳದಿಯಾಗುತ್ತದೆ, ಒಂದೆರಡು ವರ್ಷದಲ್ಲಿ ಚಹಾದ ಬಣ್ಣ ಬರುವುದುಂಟು. ಅದಕ್ಕಿಂತ ಕೆಟ್ಟದ್ದು ಅದರ ಗಡಸುತನ. ಸೆಲ್‌ನ ದಪ್ಪ ಸುಮಾರು 0.2 ಮಿ.ಮೀ., ಹಪ್ಪಳಕ್ಕಿಂತ ತೆಳ್ಳಗೆ. ಬಿಸಿಗೆ ಸೆಲ್‌ನ ಮೈಯಾದ ಸಿಲಿಕಾನ್ (ಅಂಚಿಗೆ ಬಳಿಯುವ ಸಿಲಿಕೋನ್ ಬೇರೆ) ಹಿಗ್ಗುವುದು ಅತ್ಯಲ್ಪ, ಎಪಾಕ್ಸಿ ಅದರ ಇಪ್ಪತ್ತು ಪಟ್ಟಿನ ಆಸುಪಾಸಿನಲ್ಲಿ ಹಿಗ್ಗುತ್ತದೆ. ಕಲ್ಲಿನಂತೆ ಹಿಡಿದುಕೊಂಡ ವಸ್ತು ದಿನವೂ ಹೀಗೆ ಎಳೆದಾಡಿದರೆ ಸೆಲ್ ಒಳಗೊಳಗೇ ಸೀಳುತ್ತದೆ. ಅಂಗೈ ಅಗಲದ ಆಟಿಕೆ ಫಲಕಕ್ಕೆ ಸರಿ. 36 ಸೆಲ್‌ಗಳಿಗೆ ಬೇಡ.

ಎರಡು ಭಾಗದ ಪಾರದರ್ಶಕ ಸಿಲಿಕೋನ್

ಭರಣಿಯ ದಾರಿಗೆ ಇದು ಸರಿಯಾದ ಮೊದಲ ಹೆಜ್ಜೆ. ಸಿಲ್‌ಗಾರ್ಡ್ 184 ಎಂಬುದು ಇದರಲ್ಲಿ ಹೆಚ್ಚು ಹೆಸರಾದದ್ದು. ಹತ್ತು ಪಾಲಿಗೆ ಒಂದು ಪಾಲು ಗಟ್ಟಿಕಾರಕ ಬೆರೆಸಿ ಸುರಿದರೆ ಕೋಣೆಯ ಉಷ್ಣತೆಯಲ್ಲಿ ಎರಡು ದಿನಗಳಲ್ಲಿ ಗಟ್ಟಿಯಾಗಿ, ಮೆತ್ತನೆಯ ರಬ್ಬರಿನಂತಾಗುತ್ತದೆ. ಬಿಸಿಲಿಗೆ ಹಳದಿಯಾಗುವುದಿಲ್ಲ, ಸೆಲ್ ಹಿಗ್ಗಿದಂತೆ ತಾನೂ ಬಳುಕುತ್ತದೆ.

ಇಲ್ಲೊಂದು ಅಚ್ಚರಿಯ ಸಂಗತಿಯಿದೆ. ಸಿಲಿಕೋನ್ ನೀರಾವಿಯನ್ನು ತಡೆಯುವುದರಲ್ಲಿ ದುರ್ಬಲ, ಆವಿ ಅದರೊಳಗೆ ಸಲೀಸಾಗಿ ನುಸುಳುತ್ತದೆ. ಆದರೂ ಒಳಗಿನ ಲೋಹ ಉಳಿಯುತ್ತದೆ. ಏಕೆಂದರೆ ಸಿಲಿಕೋನ್ ಲೋಹದ ಮೈಗೆ ಅಂಟಿಕೊಂಡಿರುವವರೆಗೆ ಆವಿ ಹನಿಯಾಗಲು ಅಲ್ಲಿ ತೆರಪೇ ಇರುವುದಿಲ್ಲ. ಅಂಟು ಬಿಟ್ಟಲ್ಲಿ, ಗುಳ್ಳೆ ಉಳಿದಲ್ಲಿ, ಕೊಳೆ ಕೂತಲ್ಲಿ ಮಾತ್ರ ನೀರು ಮನೆ ಮಾಡುತ್ತದೆ. ಆದ್ದರಿಂದ ಸುರಿಯುವುದಕ್ಕಿಂತ ಮೊದಲು ಶುಚಿ ಮಾಡುವುದೇ ದೊಡ್ಡ ಕೆಲಸ. ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ಫ್ಲಕ್ಸ್ ಉಳಿದರೆ ಎರಡು ಬಗೆಯ ಹಾನಿ. ಅದು ತೇವ ಹೀರುತ್ತದೆ, ಜೊತೆಗೆ ಈ ಸಿಲಿಕೋನ್ ಗಟ್ಟಿಯಾಗಲು ಬೇಕಾದ ಪ್ಲಾಟಿನಂ ವೇಗವರ್ಧಕವನ್ನು ಕೆಡಿಸುತ್ತದೆ. ಗಂಧಕ ಸೇರಿದ ರಬ್ಬರ್ ಕೈಗವಸು ಮುಟ್ಟಿದರೂ ಅದೇ ಪಾಡು. ನನ್ನ ಎರಡನೆಯ ಫಲಕದಲ್ಲಿ ನಾಲ್ಕಾರು ಬೆಸುಗೆಗಳ ಸುತ್ತ ಸಿಲಿಕೋನ್ ಗಟ್ಟಿಯಾಗದೆ ಜೇನಿನಂತೆ ಅಂಟಂಟಾಗಿಯೇ ಉಳಿಯಿತು. ಆಮೇಲೆ ಪ್ರತಿ ಬೆಸುಗೆಯನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೆತ್ತನೆಯ ಕುಂಚದಿಂದ ತೊಳೆದು, ಒಂದು ದಿನ ಒಣಗಿಸಿ, ನೈಟ್ರೈಲ್ ಕೈಗವಸು ಹಾಕಿಕೊಂಡೇ ಸುರಿಯುತ್ತಿದ್ದೇನೆ.

ಸುರಿಯುವ ಕ್ರಮ ಹೀಗೆ. ಗಾಜನ್ನು ಮಟ್ಟಗೋಲಿಟ್ಟು ಸಮವಾಗಿ ಮಲಗಿಸಿ, ಮೊದಲು ತೆಳುಪದರ ಹರಡಿ. ಬೆಸೆದ ಸೆಲ್‌ಸಾಲುಗಳನ್ನು ಮುಖ ಕೆಳಗೆ ಮಾಡಿ, ಒಂದು ತುದಿಯಿಂದ ನಿಧಾನವಾಗಿ, ಚಾಪೆ ಬಿಡಿಸಿದಂತೆ ಇಳಿಸಿ. ಒಮ್ಮೆಗೇ ಇಟ್ಟರೆ ಗಾಳಿ ಸಿಕ್ಕಿಬೀಳುತ್ತದೆ. ನಂತರ ಮೇಲಿನ ಪದರ. ಒಟ್ಟು 2 ಮಿ.ಮೀ. ದಪ್ಪಕ್ಕೆ ನಮ್ಮ ಅಳತೆಯ ಫಲಕಕ್ಕೆ ಸುಮಾರು 1 ಕಿಲೊ ಬೇಕು, 1.1 ಕಿಲೊದ ಒಂದು ಕಿಟ್ ಪೂರ್ತಿ ಖಾಲಿಯಾಗುತ್ತದೆ. ಆ ಒಂದು ಕಿಟ್‌ನ ಬೆಲೆಗೆ ಅಷ್ಟೇ ಶಕ್ತಿಯ ಕಾರ್ಖಾನೆ ಫಲಕ ಬಂದು ಇನ್ನೂ ಹಣ ಉಳಿಯುತ್ತದೆ. ಈ ದಾರಿಯ ದೊಡ್ಡ ಕೊರತೆ ಇದೊಂದೇ. ಬೆನ್ನನ್ನು ಹಾಗೆಯೇ ತೆರೆದಿಡಬೇಡಿ. ಮೆತ್ತನೆಯ ಸಿಲಿಕೋನ್ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಇಲಿಯ ಹಲ್ಲಿಗೂ ಸಿಗುತ್ತದೆ. ಕಾರ್ಖಾನೆಗಳು ಫಲಕದ ಹಿಂಬದಿಗೆ ಬಳಸುವ ಪ್ಲಾಸ್ಟಿಕ್ ಬೆನ್ನುಹಾಳೆಯನ್ನೇ ಹೊದಿಸಿ.

ಇವಿಎ ಹಾಳೆ

ಕಾರ್ಖಾನೆಗಳ ದಾರಿ ಇದು. ಇವಿಎ ಎಂದರೆ ಎಥಿಲೀನ್ ವಿನೈಲ್ ಅಸಿಟೇಟ್, ಬಿಸಿಗೆ ಕರಗಿ ಅಂಟುವ ಪಾರದರ್ಶಕ ಪ್ಲಾಸ್ಟಿಕ್. ಅಮೆರಿಕದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿ 1975ರಿಂದ 1986ರವರೆಗೆ ನಡೆಸಿದ ಸೌರ ಫಲಕ ಯೋಜನೆಯ ಮೊದಲ ಹಂತಗಳಲ್ಲಿ ಫಲಕಗಳಿಗೆ ಸಿಲಿಕೋನ್ ತುಂಬುತ್ತಿದ್ದರು. ಖರ್ಚು ಹೆಚ್ಚು, ಗಾಜಿಲ್ಲದ ಮೆತ್ತನೆಯ ಮೈ ಧೂಳು ಹಿಡಿಯುತ್ತಿತ್ತು. ಹುಡುಕಾಟದ ಕೊನೆಗೆ ಸಿಕ್ಕಿದ್ದು ಇವಿಎ. ಗಾಜು, ಇವಿಎ, ಸೆಲ್, ಮತ್ತೆ ಇವಿಎ, ಬೆನ್ನುಹಾಳೆ ಎಂಬ ಜೋಡಣೆ ಇಂದಿಗೂ ಚಾಲ್ತಿಯಲ್ಲಿದೆ.

ಹಾಳೆಯ ಬೆಲೆ ಸಿಲಿಕೋನಿಗೆ ಹೋಲಿಸಿದರೆ ತೀರಾ ಕಡಿಮೆ. ಕಷ್ಟವಿರುವುದು ಬೇಯಿಸುವುದರಲ್ಲಿ. 70–80 ಡಿಗ್ರಿಗೆ ಇವಿಎ ಕರಗಿ ಹರಿಯುತ್ತದೆ, 140–150 ಡಿಗ್ರಿಗೆ ಹತ್ತಿಪ್ಪತ್ತು ನಿಮಿಷ ನಿಂತಾಗ ಮಾತ್ರ ಅದರೊಳಗಿನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಮತ್ತೆ ಕರಗದ ಸ್ಥಿತಿಗೆ ಬರುತ್ತವೆ. ಹೀಟ್ ಗನ್ ಹಿಡಿದು ಕರಗಿಸಿ "ಆಯಿತು" ಎನ್ನುವವರು ಮೊದಲ ಹಂತದಲ್ಲೇ ನಿಲ್ಲುತ್ತಾರೆ. ನೋಡಲು ಪಾರದರ್ಶಕವಾಗಿಯೇ ಇರುತ್ತದೆ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಫಲಕ 65–70 ಡಿಗ್ರಿ ಮುಟ್ಟಿದಾಗ ಹಸಿ ಇವಿಎ ಮತ್ತೆ ಮೆತ್ತಗಾಗುತ್ತದೆ, ಸೆಲ್‌ಗಳು ನಿಧಾನವಾಗಿ ಕೆಳಗೆ ಜಾರುತ್ತವೆ, ಅಂಚು ಬಿಡುತ್ತದೆ. ಮುಕ್ಕಾಲು ಬೆಂದ ಅನ್ನವನ್ನು ಮತ್ತೆ ಬೇಯಿಸಬಹುದು, ಜಾರಿದ ಸೆಲ್‌ಗಳನ್ನು ಮರಳಿ ಎತ್ತಲಾಗದು.

ಎರಡನೆಯ ಅಗತ್ಯ ನಿರ್ವಾತ. ಕರಗುವ ಮೊದಲು ಗಾಳಿಯನ್ನು ಎಳೆಯದಿದ್ದರೆ ಗುಳ್ಳೆಗಳು ನಿಲ್ಲುತ್ತವೆ. ಫ್ರಿಜ್ ದುರಸ್ತಿ ಮಾಡುವವರ ಬಳಿ ಇರುವ ನಿರ್ವಾತ ಪಂಪು, ಬಿಸಿ ತಡೆಯುವ ಸಿಲಿಕೋನ್ ರಬ್ಬರ್ ಹಾಳೆ, ಉಷ್ಣತೆ ನಿಯಂತ್ರಿಸಬಲ್ಲ ಬಿಸಿ ತಟ್ಟೆ ಇವಿಷ್ಟು ಸೇರಿದರೆ ಮನೆಯಲ್ಲೂ ಮಾಡಬಹುದು. ಜೋಡಣೆಯನ್ನು ಹಾಳೆಯಡಿ ಇಟ್ಟು, ತಣ್ಣಗಿರುವಾಗಲೇ ಐದಾರು ನಿಮಿಷ ಗಾಳಿ ಎಳೆದು, ಎಳೆಯುತ್ತಿರುವಂತೆಯೇ ಬಿಸಿ ಏರಿಸಿ, ಪಂಪು ನಿಲ್ಲಿಸದೆ ತಣಿಯಲು ಬಿಡಬೇಕು. ಕಿಟಕಿಗಳನ್ನು ತೆರೆದಿಡಿ, ಅಡುಗೆಯ ಓವನ್ನನ್ನು ಇದಕ್ಕೆ ಬಳಸಬೇಡಿ. ನಾನು ಅರ್ಧ ಅಳತೆಯ, 18 ಸೆಲ್‌ಗಳ ಎರಡು ತುಂಡುಗಳನ್ನು ಹೀಗೆ ಬೇಯಿಸಿ ಹೊರಗೆ ಜೋಡಿಸಿದೆ. ದೊಡ್ಡ ತಟ್ಟೆಯನ್ನು ಒಂದೇ ಸಮ ಕಾಯಿಸುವುದು ಮನೆಯಲ್ಲಿ ಕಷ್ಟ.

ಇವಿಎಗೂ ಕುಂದುಗಳಿವೆ. ತೇವ ಮತ್ತು ಬಿಸಿ ಸೇರಿದಾಗ ಅದು ವರ್ಷಗಳ ಮೇಲೆ ತುಸುತುಸುವೇ ಅಸಿಟಿಕ್ ಆಮ್ಲ ಬಿಡುತ್ತದೆ. ಕ್ಯಾಲಿಫೋರ್ನಿಯಾದ ಕರೀಸಾ ಬಯಲಿನಲ್ಲಿ 1980ರ ದಶಕದಲ್ಲಿ ಕನ್ನಡಿಗಳಿಂದ ಹೆಚ್ಚುವರಿ ಬೆಳಕು ಹಾಯಿಸಿದ ಫಲಕಗಳ ಇವಿಎ ಕಂದು ಬಣ್ಣಕ್ಕೆ ತಿರುಗಿದ್ದು ಪ್ರಸಿದ್ಧ ಪಾಠ. ಹಾಗಾಗಿ ಮನೆಯ ಫಲಕಕ್ಕೆ ಕನ್ನಡಿ ಕಟ್ಟಿ ಬೆಳಕು ಹೆಚ್ಚಿಸುವ ಆಸೆ ಬೇಡ. ತೆರೆದ ಪೊಟ್ಟಣದ ಹಳೆಯ ಹಾಳೆಯನ್ನೂ ಕೊಳ್ಳಬೇಡಿ, ಅದರ ಗಟ್ಟಿಯಾಗುವ ಗುಣ ತಿಂಗಳುಗಳಲ್ಲೇ ಕುಂದುತ್ತದೆ.

ಗಾಜು, ಅಂಚು, ಡಯೋಡ್

ಭರಣಿಯ ಎರಡೂ ದಾರಿಗಳಿಗೆ ಮುಂಭಾಗದಲ್ಲಿ ಗಾಜೇ ಬೇಕು. ಕಬ್ಬಿಣದ ಅಂಶ ಕಡಿಮೆಯಿರುವ 3.2 ಮಿ.ಮೀ. ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜು ಉತ್ತಮ. ಅದನ್ನು ಆಮೇಲೆ ಕತ್ತರಿಸಲಾಗದು, ಅಳತೆ ಕೊಟ್ಟೇ ತರಿಸಬೇಕು. ಸಾಮಾನ್ಯ ಗಾಜು ಬೆಳಕನ್ನು ತುಸು ಕಡಿಮೆ ಬಿಡುತ್ತದೆ ಎಂಬುದು ಸಣ್ಣ ವಿಷಯ. ಅಡಿಕೆ ಸೋಗೆ ಬಿದ್ದಾಗ, ಮಂಗ ಹಾರಿದಾಗ ಉದ್ದುದ್ದ ಚೂರಾಗಿ ಸೀಳುತ್ತದೆ ಎಂಬುದು ದೊಡ್ಡ ವಿಷಯ.

ಅಂಚಿಗೆ ಬ್ಯುಟೈಲ್ ಎಂಬ ಅಂಟು ರಬ್ಬರಿನ ಟೇಪು ಹಾಕಿ, ಅದರ ಹೊರಗೆ ನ್ಯೂಟ್ರಲ್ ಸಿಲಿಕೋನ್ ಬಳಿದು ಅಲ್ಯೂಮಿನಿಯಂ ಚೌಕಟ್ಟಿಗೆ ಕೂರಿಸಿ. ಆವಿಯನ್ನು ತಡೆಯುವುದರಲ್ಲಿ ಬ್ಯುಟೈಲ್‌ಗೆ ಸಿಲಿಕೋನ್ ಸಾಟಿಯಲ್ಲ, ಬಿಸಿಲನ್ನು ತಾಳುವುದರಲ್ಲಿ ಸಿಲಿಕೋನ್‌ಗೆ ಬ್ಯುಟೈಲ್ ಸಾಟಿಯಲ್ಲ. ಚೌಕಟ್ಟಿನ ಕೆಳಮೂಲೆಗಳಲ್ಲಿ ನೀರು ಇಳಿಯಲು ತೂತುಗಳಿರಲಿ. ತಂತಿ ಹೊರಬರುವ ಜಾಗವೇ ಬಹಳಷ್ಟು ಫಲಕಗಳು ಸೋಲುವ ಜಾಗ. ಫಲಕದ ಬೆನ್ನಿನಲ್ಲಿ ತಂತಿಗಳು ಸೇರುವ ಪುಟ್ಟ ಡಬ್ಬಿಯ, ಅಂದರೆ ಜಂಕ್ಷನ್ ಬಾಕ್ಸಿನ, ಒಳಗೂ ತಂತಿಯ ಸುತ್ತ ಸಿಲಿಕೋನ್ ತುಂಬಿ, ತಂತಿಗಳು ಕೆಳಮುಖವಾಗಿಯೇ ಹೊರಡಲಿ. ನೆರಳು ಬಿದ್ದ ಸೆಲ್‌ಗಳನ್ನು ಬಿಟ್ಟು ವಿದ್ಯುತ್ತನ್ನು ಬಳಸುದಾರಿಯಲ್ಲಿ ಹಾಯಿಸುವ ಬೈಪಾಸ್ ಡಯೋಡ್ ಪ್ರತಿ 18 ಸೆಲ್‌ಗಳಿಗೆ ಒಂದು ಬೇಕೇ ಬೇಕು. ತೋಟದಂಚಿನ ಮನೆಗಳಲ್ಲಿ ಒಂದು ಅಡಿಕೆ ಮರದ ತೆಳ್ಳನೆಯ ನೆರಳು ಒಂದೆರಡು ಸೆಲ್‌ಗಳ ಮೇಲಷ್ಟೇ ಬಿದ್ದು ಅವನ್ನು ಸುಡುವಷ್ಟು ಕಾಯಿಸಬಲ್ಲದು. ಸುಟ್ಟ ಕಡೆ ಇವಿಎ ಬಿಟ್ಟುಕೊಂಡರೆ ತೇವಕ್ಕೆ ಬಾಗಿಲು ತೆರೆದಂತೆ.

ನಾನು ಆರಿಸುವುದಾದರೆ

ಒಣ ಸೀಮೆ, ಮೊದಲ ಪ್ರಯತ್ನ, ಕೈಯಲ್ಲಿ ಹಣ ಕಡಿಮೆ: ಗಾಜು ಮತ್ತು ಅಲ್ಯೂಮಿನಿಯಂನ ಪೆಟ್ಟಿಗೆ, ಸಿಲಿಕಾ ಜೆಲ್ ನಳಿಗೆ ಸಮೇತ. ಮಲೆನಾಡು, ಕರಾವಳಿ, ಹತ್ತು ಸೆಲ್‌ಗಳೊಳಗಿನ ಸಣ್ಣ ಫಲಕ: ಸಿಲಿಕೋನ್, ಕಣ್ಣು ಮುಚ್ಚಿ. ಅದೇ ಊರುಗಳಲ್ಲಿ ದೊಡ್ಡದು ಬೇಕು, ಒಂದಕ್ಕಿಂತ ಹೆಚ್ಚು ಕಟ್ಟುವ ಮನಸ್ಸಿದೆ ಎಂದಾದರೆ ನಿರ್ವಾತ ಪಂಪಿನ ಸಮೇತ ಇವಿಎ. ಮೊದಲ ಎರಡು ತುಂಡು ಹಾಳಾಗುತ್ತವೆ ಎಂದು ಲೆಕ್ಕಹಾಕಿಯೇ ಒಡೆದ ಸೆಲ್‌ಗಳಲ್ಲಿ ಅಭ್ಯಾಸ ಮಾಡಿ. 12 ವೋಲ್ಟಿನ ಮಿತಿ ದಾಟಿ ಹಲವು ಫಲಕಗಳನ್ನು ಸರಣಿಯಲ್ಲಿ ಸೇರಿಸುವುದು, ಮನೆಯ ವಿದ್ಯುತ್ ಜಾಲಕ್ಕೆ ಜೋಡಿಸುವುದು ಮಾತ್ರ ಯಾವ ದಾರಿಯಲ್ಲೂ ಬೇಡ. ಕಾರ್ಖಾನೆಯ ಫಲಕ 85 ಡಿಗ್ರಿ ಬಿಸಿ, ಶೇ 85ರ ತೇವದಲ್ಲಿ 1,000 ಗಂಟೆ ನಿಂತು ಪಾಸಾಗಿ ಬಂದಿರುತ್ತದೆ. ನಮ್ಮದಕ್ಕೆ ಆ ಪರೀಕ್ಷೆ ಆಗಿರುವುದಿಲ್ಲ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಒಂದಿದೆ, ಅದನ್ನು ತಪ್ಪಿಸಬೇಡಿ. ಪರಿಚಯದ ಎಲೆಕ್ಟ್ರಿಷಿಯನ್‌ರ ಬಳಿ 500 ವೋಲ್ಟಿನ ಮೆಗ್ಗರ್ ಇರುತ್ತದೆ, ಅವರನ್ನೇ ಕರೆಸಿ. ವಿದ್ಯುತ್ ಸೋರದಂತೆ ತಡೆಯುವ ಶಕ್ತಿಯನ್ನು ಮೆಗಾಓಮ್‌ಗಳಲ್ಲಿ ಅಳೆಯುವ ಉಪಕರಣ ಅದು, ತೇವ ಹೊಕ್ಕರೆ ಅಂಕಿ ಇಳಿಯುತ್ತದೆ. ಫಲಕದ ಎರಡೂ ತಂತಿಗಳನ್ನು ಸೇರಿಸಿ ಒಂದು ತುದಿಗೆ, ಚೌಕಟ್ಟನ್ನು ಇನ್ನೊಂದು ತುದಿಗೆ ಕೊಟ್ಟು, ಗಾಜು, ಬೆನ್ನು, ಅಂಚು ಎಲ್ಲವನ್ನೂ ನೀರಿನಿಂದ ಚೆನ್ನಾಗಿ ತೋಯಿಸಿ ಅಳೆಯಲು ಹೇಳಿ. ಮೆಗ್ಗರ್ ಚಾಲೂ ಇರುವಾಗ ಯಾರೂ ಮುಟ್ಟಬಾರದು. ಕಾರ್ಖಾನೆಯ ಮಾನದಂಡದಂತೆ ವಿಸ್ತೀರ್ಣದ ಚದರ ಮೀಟರ್ ಮತ್ತು ಮೆಗಾಓಮ್‌ಗಳ ಗುಣಲಬ್ಧ 40ಕ್ಕಿಂತ ಕಡಿಮೆಯಾಗಬಾರದು. ನಮ್ಮ ಅಳತೆಗೆ ಅದು 82 ಮೆಗಾಓಮ್‌ನ ಆಸುಪಾಸು. ಬಂದ ಅಂಕಿಯನ್ನು ತಾರೀಖಿನೊಡನೆ ಫಲಕದ ಬೆನ್ನಿನ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ಮೃಗಶಿರ ಮಳೆ ಹಿಡಿಯುವ ಮೊದಲು ಒಮ್ಮೆ, ಸ್ವಾತಿ ಮಳೆ ಮುಗಿದ ಮೇಲೆ ಒಮ್ಮೆ. ನನ್ನ ಇವಿಎ ಫಲಕದ ಬೆನ್ನಿನ ಮೇಲೆ ಈಗ ಆರು ಸಾಲುಗಳಿವೆ. ಅಂಕಿ ಅರ್ಧಕ್ಕಿಂತ ಕೆಳಗಿಳಿದ ವರ್ಷ ಗಾಜಿನಲ್ಲಿ ಇನ್ನೂ ಏನೂ ಕಾಣುತ್ತಿರಲಿಲ್ಲ. ಜಂಕ್ಷನ್ ಬಾಕ್ಸ್ ಬಿಚ್ಚಿ ನೋಡಿದಾಗ ಒಂದು ತಂತಿಯ ಬುಡದಲ್ಲಿ ಸಿಲಿಕೋನ್ ಬಿಟ್ಟಿತ್ತು. ಒಣಗಿಸಿ, ಹಳೆಯದನ್ನು ಕೆರೆದು ಮತ್ತೆ ತುಂಬಿದೆ. ಮರುವಾರ ಅಳೆದಾಗ ಅಂಕಿ ಮೇಲೇರಿತ್ತು.